ಪದದ ಬೆನ್ನು ಹತ್ತಿ – 6: ‘ಶನಿ’ ಅಂತ ಕರೆಯೋದನ್ನ ನಿಲ್ಲಿಸೋಣ

ನಮ್ಮ ಕ್ಲಾಸಿನ ಕೊನೇ ಬೆಂಚಲ್ಲಿ ಒಬ್ಬ ಇದ್ದಾನೆ. ಮಾತು ಕಡಿಮೆ, ನಗು ಇನ್ನೂ ಕಡಿಮೆ. ನಾವಿಟ್ಟ ಹೆಸರು ‘ಶನಿ’. ನಾನೂ ಕರೆದಿದ್ದೀನಿ. ಹೋದ ವಾರ ಗ್ರೂಪ್ ಫೋಟೋಗೆ ಬಾರೋ ಅಂದ್ರೆ, “ಶನಿ ಯಾಕೆ ಬಿಡ್ರೋ ಫೋಟೋದಲ್ಲಿ” ಅಂದ. ಯಾರೂ ನಗಲಿಲ್ಲ.

ಆಮೇಲೆ ಈ ಪದದ ಬೆನ್ನು ಹತ್ತಿದೆ.

ಇಂಗ್ಲಿಷಲ್ಲೂ ಮಂಕು ಸ್ವಭಾವದವರಿಗೆ ‘ಸ್ಯಾಟರ್ನೈನ್’ ಅಂತಾರೆ. ಸ್ಯಾಟರ್ನ್ ಅಂದ್ರೆ ಶನಿಗ್ರಹವೇ. ಆದ್ರೆ ರೋಮನ್ನರ ಸ್ಯಾಟರ್ನ್ ಬಿತ್ತನೆಯ ದೇವರು! ಡಿಸೆಂಬರ್ 17ಕ್ಕೆ ಶುರುವಾಗುತ್ತಿದ್ದ ಅವನ ಹಬ್ಬದಲ್ಲಿ ಶಾಲೆಗೆ ರಜೆ, ಎಲ್ಲೆಲ್ಲೂ ಊಟ, ಜೂಜು; ಗುಲಾಮರಿಗೂ ಅವತ್ತು ಸಲಿಗೆ. ಹಾಗಾದ್ರೆ ಮಂಕು ಎಲ್ಲಿಂದ ಬಂತು?

ಆಕಾಶದಿಂದ. ಬರಿಗಣ್ಣಿಗೆ ಸುಲಭವಾಗಿ ಕಾಣುವ ಗ್ರಹಗಳಲ್ಲಿ ಶನಿಯೇ ಅತಿ ದೂರ, ಅತಿ ನಿಧಾನ. ಸೂರ್ಯನ ಶಾಖದಿಂದ ದೂರ, ಹಾಗಾಗಿ ತಣ್ಣಗೆ ಅಂತ ಹಳೇ ಜ್ಯೋತಿಷಿಗಳ ಲೆಕ್ಕ. ತಣ್ಣಗಿನ, ಒಣ ಗುಣಕ್ಕೆ ದೇಹದ ‘ಕಪ್ಪು ಪಿತ್ತ’ವನ್ನ ಜೋಡಿಸಿದರು. ಅಂಥ ಪಿತ್ತವೇ ಇಲ್ಲ ಅಂತ ವೈದ್ಯಶಾಸ್ತ್ರ ಯಾವತ್ತೋ ಕೈಬಿಟ್ಟಿದೆ. ಪದ ಮಾತ್ರ ಉಳಿದಿದೆ.

ನಮ್ಮ ಶನಿ? ‘ಶನೈಃ’ ಅಂದ್ರೆ ಸಂಸ್ಕೃತದಲ್ಲಿ ‘ನಿಧಾನವಾಗಿ’. ಶನೈಶ್ಚರ ಅಂದ್ರೆ ನಿಧಾನ ನಡೆಯೋನು. ಅಷ್ಟೇ! ಒಂದು ಸುತ್ತಿಗೆ ಸುಮಾರು 29.5 ವರ್ಷ. 12 ರಾಶಿಗೆ ಹಂಚಿದ್ರೆ ರಾಶಿಗೆ ಎರಡೂವರೆ. ಮೂರು ರಾಶಿಗೆ ಏಳೂವರೆ. ನಾವು ಹೆದರೋ ಸಾಡೇಸಾತಿ ಇದೇ ಭಾಗಾಕಾರ.

ಅಂದ್ರೆ ನಾವು ಮಾಡ್ತಿರೋದು ಏನು? ನಿಧಾನಕ್ಕೆ ‘ಕೆಟ್ಟದ್ದು’ ಅಂತ ಹೆಸರಿಟ್ಟು, ಆ ಹೆಸರನ್ನ ಒಬ್ಬ ಹುಡುಗನ ಹಣೆಗೆ ಅಂಟಿಸ್ತಿದ್ದೀವಿ. “ತಮಾಷೆಗೆ ಕಣೋ” ಅಂತೀರಾ? ಕರೆಯೋರೆಲ್ಲ ನಕ್ಕು, ಕರೆಸಿಕೊಳ್ಳೋನು ಮಾತ್ರ ಕುಗ್ಗೋದು ತಮಾಷೆ ಅಲ್ಲ.

ಮಾತು ಕಡಿಮೆ ಇರೋದು ಕಾಯಿಲೆ ಅಲ್ಲ, ಗ್ರಹಚಾರವೂ ಅಲ್ಲ. ಒಂದು ವೇಳೆ ಅವನು ನಿಜವಾಗ್ಲೂ ನೋವಲ್ಲಿದ್ರೆ, ಅಡ್ಡಹೆಸರು ಅವನ ಬಾಯಿ ಇನ್ನಷ್ಟು ಮುಚ್ಚಿಸುತ್ತೆ. ಪಕ್ಕದಲ್ಲಿ ಕೂತು “ಊಟ ಆಯ್ತಾ?” ಅಂತ ಕೇಳಿ. ಭಾರ ಜಾಸ್ತಿ ಅನ್ನಿಸಿದ್ರೆ ಟೆಲಿ ಮಾನಸ್ 14416 ಇದೆ, ಕನ್ನಡದಲ್ಲೇ ಮಾತಾಡಬಹುದು.

ನಾಳೆಯಿಂದ ನಾನು ಅವನನ್ನ ಅವನ ಹೆಸರಲ್ಲೇ ಕರೀತೀನಿ. ನೀವು?

ನಿಮ್ಮ ಕ್ಲಾಸಲ್ಲಿ ಯಾರಿಗೆ ಏನಂತ ಹೆಸರಿಟ್ಟಿದ್ದೀರಿ, ಕಾಮೆಂಟಲ್ಲಿ ಬರೀಬೇಡಿ. ಸುಮ್ಮನೆ ಬಿಟ್ಟುಬಿಡಿ.

#ಪದದ_ಬೆನ್ನು_ಹತ್ತಿ #ಹೆಸರಲ್ಲೇ_ಕರೀರಿ