ಬಿ.ಕಾಂ. ಓದಿದರೆ ಎಷ್ಟು ಸಿಗುತ್ತೆ?

ರಂಜಾನ್ ಹಬ್ಬದ ದಿನ ಮನೆಗೆ ಬಂದ ನೆಂಟರೆಲ್ಲ ಶೀರ್ ಖುರ್ಮಾ ಕುಡಿಯುತ್ತಾ ನನ್ನನ್ನು ಒಂದೇ ಪ್ರಶ್ನೆ ಕೇಳಿದರು. ‘ಕಾಮರ್ಸ್ ತಗೊಂಡಿದ್ದೀಯಂತೆ. ಕಿತ್ತಾ ಮಿಲ್ತಾ?’ ಅಂದರೆ ಎಷ್ಟು ಸಿಗುತ್ತೆ ಅಂತ. ಸೈನ್ಸ್ ಓದುವ ನನ್ನ ಚಿಕ್ಕಪ್ಪನ ಮಗನನ್ನು ಯಾರೂ ಹಾಗೆ ಕೇಳಲಿಲ್ಲ. ಅವನು ಡಾಕ್ಟರ್ ಆಗುತ್ತಾನೆ ಎಂದು ಅವರೇ ತೀರ್ಮಾನ ಮಾಡಿಬಿಟ್ಟಿದ್ದರು. ನೀಟ್ ಎಂದರೆ ಅವನಿಗೆ ಹೊಟ್ಟೆನೋವು ಬರುತ್ತದೆ ಎಂಬುದು ನನಗೆ ಮಾತ್ರ ಗೊತ್ತು.

ಆ ಪ್ರಶ್ನೆಯಿಂದ ನನಗೆ ಬೇಸರವಾಗಲಿಲ್ಲ. ಆದರೆ ಪ್ರಶ್ನೆ ಅರ್ಧ ಅನ್ನಿಸಿತು. ನಾವು ಕ್ಲಾಸಿನಲ್ಲಿ ಒಟ್ಟು ಲಾಭ ಬೇರೆ, ನಿವ್ವಳ ಲಾಭ ಬೇರೆ ಎಂದು ಓದುತ್ತೇವೆ. ಮನೆಯಲ್ಲಿ ಮಾತ್ರ ಎಲ್ಲರೂ ಒಟ್ಟು ಲಾಭವನ್ನೇ ಕೇಳುತ್ತಾರೆ.

ನಮ್ಮ ಮನೆಯ ಉದಾಹರಣೆಯನ್ನೇ ಹೇಳುತ್ತೇನೆ. ನನ್ನ ಮಾಮುವಿನ ಮಗ ಬೆಂಗಳೂರಿನಲ್ಲಿ ಬಿಬಿಎ ಮಾಡಿದ. ಫೀಸಿಗೆ ಸಾಲ ಮಾಡಿದ್ದರು. ಈಗ ಒಂದು ವಿದೇಶಿ ಕಂಪನಿಯ ಲೆಕ್ಕಪತ್ರ ನೋಡುವ ಆಫೀಸಿನಲ್ಲಿ ರಾತ್ರಿ ಪಾಳಿ, ಕೈಗೆ 22,000 ರೂಪಾಯಿ. ಅದರಲ್ಲಿ ಪಿಜಿಗೆ 9,000, ಸಾಲದ ಕಂತಿಗೆ 6,000, ಓಡಾಟಕ್ಕೆ 2,000. ಉಳಿಯುವುದು 5,000. ನನ್ನ ಆಪಾ ನಮ್ಮ ದಾವಣಗೆರೆಯಲ್ಲೇ ಸರ್ಕಾರಿ ಕಾಲೇಜಿನಲ್ಲಿ ಬಿ.ಕಾಂ. ಮಾಡಿದಳು. ಫಸ್ಟ್ ಕ್ಲಾಸ್ ಬಂದರೂ ಒಂದು ವರ್ಷ ಮನೆಯಲ್ಲೇ ಇದ್ದಳು. ಆಮೇಲೆ ಟ್ಯಾಲಿ ಕಲಿತು, ಒಬ್ಬ ತೆರಿಗೆ ಸಲಹೆಗಾರರ ಬಳಿ ಎಂಟು ತಿಂಗಳು ಬಹಳ ಕಡಿಮೆ ಹಣಕ್ಕೆ ದುಡಿದಳು. ಈಗ 14 ಅಂಗಡಿಗಳ ಲೆಕ್ಕ ಬರೆಯುತ್ತಾಳೆ. ಅಂಗಡಿಗೆ ತಿಂಗಳಿಗೆ 800 ರೂಪಾಯಿಯಂತೆ 11,200. ಬಾಡಿಗೆ ಇಲ್ಲ, ಕಂತು ಇಲ್ಲ. ಅಣ್ಣನ ಸಂಬಳ ಮುಂದೆ ಏರುತ್ತದೆ, ಅವನ ಅನುಭವಕ್ಕೂ ಬೆಲೆ ಇದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಹಬ್ಬದ ದಿನ ಎಲ್ಲರೂ ಹೊಗಳಿದ್ದು ಅವನ 22,000ವನ್ನು. ಆಪಾ ಅಡುಗೆಮನೆಯಲ್ಲಿ ಲೋಟ ತೊಳೆಯುತ್ತಿದ್ದಳು.

ಅವಳ ಕೆಲಸ ಎಲ್ಲಿಂದ ಹುಟ್ಟಿತು ನೋಡಿ. ನಮ್ಮ ಅಬ್ಬಾ ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುತ್ತಾರೆ. ಬಿಡಿಯಾಗಿ ಮಾರುವ ಮಂಡಕ್ಕಿಗೆ ಜಿಎಸ್‌ಟಿ ಇಲ್ಲ. ಆದರೆ 2022ರ ಜುಲೈನಿಂದ ಪ್ಯಾಕ್ ಮಾಡಿ ಲೇಬಲ್ ಅಂಟಿಸಿದ ಮಂಡಕ್ಕಿಗೆ ಶೇ. 5 ತೆರಿಗೆ ಬಂತು. ಅಂದರೆ ಒಂದು ಲೇಬಲ್ ಅಂಟಿಸಿದರೆ ಲೆಕ್ಕ ಬರೆಯುವವರು ಬೇಕಾಗಬಹುದು! ಸರಕು ಮಾರುವವರ ವಾರ್ಷಿಕ ವಹಿವಾಟು 40 ಲಕ್ಷ ದಾಟಿದರೆ ನೋಂದಣಿ ಮಾಡಿಸಬೇಕು. ನೋಂದಣಿಯಾದ ಮೇಲೆ ತಿಂಗಳ ರಿಟರ್ನ್ ಹಾಕುವವರಿಗೆ 11ನೇ ತಾರೀಖು ಒಂದು, 20ನೇ ತಾರೀಖು ಇನ್ನೊಂದು. ಆ ಎರಡು ದಿನ ನಮ್ಮ ಮನೆಯಲ್ಲಿ ಟಿವಿ ಹಾಕುವಂತಿಲ್ಲ. 2025ರ ಜುಲೈನಲ್ಲಿ ಯುಪಿಐ ಲೆಕ್ಕದ ಮೇಲೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಬಂದಾಗ ಎಷ್ಟೋ ಅಂಗಡಿಗಳಲ್ಲಿ ‘ಕ್ಯಾಶ್ ಮಾತ್ರ’ ಎಂದು ಬೋರ್ಡ್ ಹಾಕಿದ್ದರು. ಆಗ ನೋಟಿಸ್ ಬಾರದವರೂ ಹೆದರಿ ಮೊಬೈಲ್ ಹಿಡಿದುಕೊಂಡು ನಮ್ಮ ಮನೆ ಬಾಗಿಲಿಗೆ ಬಂದರು. ಆಪಾ ಅವರಿಗೆ ಕನ್ನಡದಲ್ಲಿ, ಕೆಲವರಿಗೆ ಉರ್ದುವಿನಲ್ಲಿ ಬಿಡಿಸಿ ಹೇಳಿದಳು. ನೋಟಿಸನ್ನು ಇಂಗ್ಲಿಷ್‌ನಲ್ಲಿ ಓದಿ ಅಂಗಡಿಯವನ ಭಾಷೆಯಲ್ಲಿ ಹೇಳುವುದೂ ಒಂದು ಕಸುಬು. ಅದು ನಮಗೆ ಕಷ್ಟವಲ್ಲ. ಜಮಾ, ಖರ್ಚು, ಬಾಕಿ, ವಸೂಲಿ, ರಸೀದಿ, ತಾರೀಖು, ಇವೆಲ್ಲ ನಮ್ಮ ಮನೆಯಲ್ಲೂ ಇವೆ, ಕನ್ನಡದ ಲೆಕ್ಕದ ಪುಸ್ತಕದಲ್ಲೂ ಇವೆ. ಕನ್ನಡ ಮಾತಾಡಲು ನಾಚುವ ನನ್ನ ಗೆಳೆಯರಿಗೆ ಇದನ್ನು ಮುಖ್ಯವಾಗಿ ಹೇಳಬೇಕಿತ್ತು.

ಬ್ಯಾಂಕ್ ಕೆಲಸದ ಬಗ್ಗೆಯೂ ಕೇಳುತ್ತಾರೆ. ಅದಕ್ಕೆ ಯಾವ ಡಿಗ್ರಿಯಾದರೂ ಸಾಕು, ಪರೀಕ್ಷೆ ಗೆಲ್ಲಬೇಕು. 2024ರ ಒಪ್ಪಂದದ ನಂತರ ಕ್ಲರ್ಕ್ ಆರಂಭಿಕ ಮೂಲವೇತನ 24,050, ಅಧಿಕಾರಿಗೆ 48,480. ಬಡ್ಡಿಯ ಕಾರಣಕ್ಕೆ ನಮ್ಮಲ್ಲಿ ಕೆಲವು ಮನೆಗಳಲ್ಲಿ ಬೇಡ ಅನ್ನುತ್ತಾರೆ. ಅದು ಅವರವರ ಮನಸ್ಸಿಗೆ ಬಿಟ್ಟದ್ದು. ಆದರೆ ‘ಬ್ಯಾಂಕ್ ಬೇಡ, ಹಾಗಾದರೆ ಕಾಮರ್ಸ್ ಯಾಕೆ’ ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಆಡಿಟ್, ತೆರಿಗೆ, ಸಾಗಣೆ, ಗೋದಾಮು, ಆಸ್ಪತ್ರೆಯ ಬಿಲ್ಲಿಂಗ್, ಎಲ್ಲೆಲ್ಲಿ ಹಣ ಓಡಾಡುತ್ತದೋ ಅಲ್ಲೆಲ್ಲ ಲೆಕ್ಕದವರು ಬೇಕು.

ನನಗೆ ಆಸೆ ಇರುವುದು ಸಿಎ ಮೇಲೆ. ಹೇಳುವುದಕ್ಕೆ ಸುಲಭ. ಫೌಂಡೇಶನ್‌ನಲ್ಲಿ ನಾಲ್ಕು ಪೇಪರ್, ಒಂದೊಂದರಲ್ಲೂ 40, ಒಟ್ಟು ಶೇ. 50 ಬೇಕು. 2025ರ ಮೇ ಪರೀಕ್ಷೆಯಲ್ಲಿ ನೂರಕ್ಕೆ ಸುಮಾರು 15 ಮಂದಿ ಪಾಸಾದರು. ಫೌಂಡೇಶನ್ ಆಗದಿದ್ದರೆ ಬಿ.ಕಾಂ.ನಲ್ಲಿ ಶೇ. 55 ತೆಗೆದು ನೇರ ಇಂಟರ್‌ಮೀಡಿಯೆಟ್‌ಗೂ ಹೋಗಬಹುದು. ಅದಾದ ಮೇಲೆ ಎರಡು ವರ್ಷ ಆರ್ಟಿಕಲ್‌ಶಿಪ್. ಆಗ ಕೊಡುವ ಸ್ಟೈಪೆಂಡಿನ ಕನಿಷ್ಠ ದರ ಊರಿನ ಜನಸಂಖ್ಯೆಯ ಮೇಲೆ ನಿಂತಿದೆ. ಸಣ್ಣ ಊರಿಗೆ ಸಣ್ಣ ಹಣ. ಅಂದರೆ ಸಿಎಗೆ ಬುದ್ಧಿ ಮಾತ್ರ ಸಾಲದು, ಕಾಯುವ ಮನೆ ಬೇಕು. ಅಬ್ಬಾಗೆ ಭಟ್ಟಿಯ ಹೊಗೆಯಿಂದ ಕೆಮ್ಮು. ನಾನು ಜೂನ್‌ನಿಂದ ದುಡಿದರೆ ಅವರು ಅರ್ಧ ದಿನ ಕೂರಬಹುದು. ಇದನ್ನು ಯಾವ ಕರಿಯರ್ ಗೈಡೆನ್ಸ್ ಭಾಷಣದಲ್ಲೂ ಹೇಳಲಿಲ್ಲ.

ಕೊನೆಗೆ ನಾನು, ಆಪಾ ಕೂತು ಒಂದು ಹಾಳೆಯಲ್ಲಿ ಲೆಕ್ಕ ಹಾಕಿದೆವು. ಬೆಳಿಗ್ಗೆ ಸರ್ಕಾರಿ ಕಾಲೇಜು, ಸಂಜೆ ಅವಳ 14 ಅಂಗಡಿಗಳಲ್ಲಿ ಐದು ನನಗೆ, ರಾತ್ರಿ ಫೌಂಡೇಶನ್ ಓದು. ಎರಡು ಸಲ ಫೇಲಾದರೆ ಬಿ.ಕಾಂ. ಮುಗಿಸಿ ಮತ್ತೆ ನೋಡುವುದು. ಅಬ್ಬಾ ಹಾಳೆ ನೋಡಿ, ‘ಇದರಲ್ಲಿ ನಿದ್ದೆ ಯಾವ ಕಾಲಂನಲ್ಲಿದೆ?’ ಎಂದು ಕೇಳಿದರು. ಒಪ್ಪಿದರು ಅಂತಲೇ ನಾನು ತಿಳಿದುಕೊಂಡಿದ್ದೇನೆ.

ನಮ್ಮ ಪ್ರಾಂಶುಪಾಲರಲ್ಲಿ ಮತ್ತು ಲೆಕ್ಕಶಾಸ್ತ್ರದ ಉಪನ್ಯಾಸಕರಲ್ಲಿ ಒಂದು ವಿನಂತಿ ಇದೆ. ಕಂಪ್ಯೂಟರ್ ಲ್ಯಾಬ್ ಶನಿವಾರ ಮಧ್ಯಾಹ್ನ ಖಾಲಿ ಇರುತ್ತದೆ. ಅಲ್ಲಿ ದ್ವಿತೀಯ ಪಿಯು ಕಾಮರ್ಸ್‌ನವರಿಗೆ ಟ್ಯಾಲಿ ಕಲಿಸಬಹುದು. ಕಲಿಸಲು ಆಪಾ ಬರುತ್ತೇನೆ ಎಂದಿದ್ದಾಳೆ, 11 ಮತ್ತು 20ನೇ ತಾರೀಖು ಬಿಟ್ಟು. ಅಭ್ಯಾಸಕ್ಕೆ ನಮ್ಮ ಕ್ಯಾಂಟೀನಿನ ಒಂದು ತಿಂಗಳ ಲೆಕ್ಕ ಕೊಟ್ಟರೆ ಸಾಕು. ಸಮೋಸಾದಲ್ಲಿ ನಿವ್ವಳ ಲಾಭ ಎಷ್ಟು ಎಂದು ನಮಗೂ ಬಹಳ ದಿನದಿಂದ ಕುತೂಹಲ.