ದುದ್ದದ ಪ್ರೌಢಶಾಲೆಗೆ ಅಳತೆಗೋಲು ಯಾವುದು?

ಪ್ರತಿವರ್ಷವೂ ಬೇಸಗೆಯಲ್ಲಿ ನಮ್ಮ ನಾಡಿನಲ್ಲಿ ಒಂದು ವಿಚಿತ್ರವಾದ ಉತ್ಸವವು ನಡೆಯುತ್ತದೆ. ಎಸ್.ಎಸ್.ಎಲ್.ಸಿ. ಪರೀಕ್ಷೆಯ ಫಲಿತಾಂಶವು ಹೊರಬಿದ್ದೊಡನೆಯೇ ಜಿಲ್ಲೆಗಳನ್ನೆಲ್ಲ ಜಾತ್ರೆಯ ಎತ್ತುಗಳಂತೆ ಸಾಲಾಗಿ ನಿಲ್ಲಿಸಿ, ಇದು ಮೊದಲನೆಯದು, ಇದು ಕಡೆಯದು ಎಂದು ಬೆನ್ನು ತಟ್ಟುವುದೂ ಬೈಯುವುದೂ ಮೊದಲಾಗುತ್ತದೆ. ಮುಂದಿದ್ದವರಿಗೆ ಹಾರ ತುರಾಯಿ; ಹಿಂದಿದ್ದವರಿಗೆ ಕಾರಣ ಕೇಳುವ ನೋಟೀಸು. ನಾಲ್ಕು ದಿನಗಳಲ್ಲಿ ಉತ್ಸವವು ಮುಗಿಯುತ್ತದೆ. ಮತ್ತೆ ಮುಂದಿನ ಬೇಸಗೆಯವರೆಗೆ ಶಾಲೆಯ ಕಡೆಗೆ ತಿರುಗಿ ನೋಡುವವರಿಲ್ಲ. ಈ ಗದ್ದಲದ ನಡುವೆ ಕೇಳಬೇಕಾದ ಪ್ರಶ್ನೆಯೊಂದನ್ನು ಯಾರೂ ಕೇಳುವುದಿಲ್ಲ. ಹುಡುಗನು ಕಲಿತದ್ದೇನು?

ಮಂಡ್ಯ ತಾಲೂಕಿನ ಹೋಬಳಿ ಕೇಂದ್ರವಾದ ದುದ್ದವನ್ನೇ ನಾವು ಇಂದು ಉದಾಹರಣೆಗೆ ತೆಗೆದುಕೊಳ್ಳುತ್ತೇವೆ. ಇಲ್ಲಿಯ ಸರಕಾರಿ ಪ್ರೌಢಶಾಲೆಯನ್ನು ದೂರಬೇಕೆಂಬುದು ನಮ್ಮ ಉದ್ದೇಶವಲ್ಲ. ಸುತ್ತಣ ಹಳ್ಳಿಗಳ ಒಕ್ಕಲು ಮಕ್ಕಳಿಗೆ, ಕೂಲಿಯವರ ಮಕ್ಕಳಿಗೆ, ಫೀಜು ತೆರಲಾರದ ತಂದೆತಾಯಿಗಳಿಗೆ ಹೋಬಳಿಯ ಸಾರ್ವಜನಿಕ ಪ್ರೌಢಶಾಲೆಯೇ ಕಡೆಯ ಆಶ್ರಯವು. ಪಟ್ಟಣದಲ್ಲಿ ಒಂದು ಶಾಲೆ ಕೆಟ್ಟರೆ ಮತ್ತೊಂದಿದೆ. ದುದ್ದದಂಥ ಊರಿನಲ್ಲಿ ಶಾಲೆ ಸೋತರೆ ಹುಡುಗನು ಆಲೆಮನೆಗೆ ಹೋಗುತ್ತಾನೆ, ಹುಡುಗಿಯ ಮದುವೆಯ ಮಾತು ಮೊದಲಾಗುತ್ತದೆ. ಆದುದರಿಂದಲೇ ಇಂಥ ಶಾಲೆಯನ್ನು ಯಾವ ಕೋಲಿನಿಂದ ಅಳೆಯಬೇಕೆಂಬುದು ಚಿಲ್ಲರೆ ಪ್ರಶ್ನೆಯಲ್ಲ.

ಈಗಿರುವ ಕೋಲು ಎಂಥದೆಂಬುದನ್ನು ಮಂಡ್ಯ ಜಿಲ್ಲೆಯ ಅನುಭವವೇ ಹೇಳುತ್ತದೆ. 2023ರಲ್ಲಿ ಮಂಡ್ಯವು ಶೇಕಡಾ 96.74ರಷ್ಟು ತೇರ್ಗಡೆಯೊಡನೆ ಇಡೀ ರಾಜ್ಯದಲ್ಲಿ ಎರಡನೆಯ ಸ್ಥಾನವನ್ನು ಪಡೆಯಿತು. ಶೇಕಡಾ 96.80ರ ಚಿತ್ರದುರ್ಗವು ಮೊದಲನೆಯದು. ಹಾರಗಳು ಬಿದ್ದವು, ಹಂಚಿದ ಸಿಹಿಗೆ ಲೆಕ್ಕವಿಲ್ಲ. ಒಂದೇ ವರ್ಷ ಕಳೆಯಿತು. 2024ರಲ್ಲಿ ಅದೇ ಮಂಡ್ಯದ ಅಂಕಿಯು 73.59ಕ್ಕೂ, ಚಿತ್ರದುರ್ಗದ ಅಂಕಿಯು 72.85ಕ್ಕೂ ಕುಸಿದವು. ಇಡೀ ರಾಜ್ಯದ ಫಲಿತಾಂಶವು 83.89ರಿಂದ 73.40ಕ್ಕೆ ಇಳಿಯಿತು.

ಹನ್ನೆರಡು ತಿಂಗಳಲ್ಲಿ ಮಂಡ್ಯದ ಮಕ್ಕಳ ಬುದ್ಧಿಯು ಮಂಕಾಯಿತೆ? ಉಪಾಧ್ಯಾಯರೆಲ್ಲರೂ ಒಮ್ಮೆಲೇ ಪಾಠವನ್ನು ಮರೆತರೆ? ಹಾಗೇನೂ ಇಲ್ಲ. ಬದಲಾದ ದೊಡ್ಡ ಸಂಗತಿಯೆಂದರೆ, ಆ ವರ್ಷ ಪರೀಕ್ಷೆಯ ಕೊಠಡಿಗಳಲ್ಲಿ ಕ್ಯಾಮರಾಗಳನ್ನಿರಿಸಿ, ಜಿಲ್ಲಾ ಕಚೇರಿಯಲ್ಲಿ ಕುಳಿತು ನೋಡುವ ವೆಬ್‌ಕಾಸ್ಟಿಂಗ್ ವ್ಯವಸ್ಥೆಯನ್ನು ಮಾಡಲಾಯಿತು. ಕಣ್ಣೊಂದು ತೆರೆದೊಡನೆ ಅಂಕಿಯು ನೆಲಕ್ಕಿಳಿಯಿತು! ಹಾಗಾದರೆ ಹಿಂದಿನ ವರ್ಷ ನಾವು ಹಾರ ಹಾಕಿದ್ದು ಯಾವುದಕ್ಕೆ? ವಿದ್ಯೆಗೋ, ಮುಚ್ಚಿದ ಕಣ್ಣಿಗೋ? ಪ್ರಾಮಾಣಿಕವಾಗಿ ಓದಿ ಬರೆದ ಸಾವಿರಾರು ಮಕ್ಕಳಿಗೂ ಕಲಿಸಿದ ಸಾವಿರಾರು ಉಪಾಧ್ಯಾಯರಿಗೂ ಇದು ಅವಮಾನವಲ್ಲದೆ ಮತ್ತೇನು? ಅವರ ನಿಜವಾದ ದುಡಿಮೆಯು ಸುಳ್ಳು ಅಂಕಿಯ ರಾಶಿಯಲ್ಲಿ ಕಾಣದೆ ಹೋಯಿತು.

ಕುಸಿತವನ್ನು ಕಂಡ ಮೇಲೆ ಮಾಡಬೇಕಾದುದು ಏನಿತ್ತು? ಎಲ್ಲಿ ಪಾಠ ತಪ್ಪಿತು, ಯಾವ ತರಗತಿಯಲ್ಲಿ ಮಗುವು ಹಿಂದೆ ಬಿತ್ತು, ಎಲ್ಲಿ ಉಪಾಧ್ಯಾಯರಿಲ್ಲ ಎಂದು ಶಾಲೆ ಶಾಲೆಗೂ ಹೋಗಿ ನೋಡಬೇಕಿತ್ತು. ಆದರೆ ನಡೆದುದೇನು? ಶೇಕಡಾ 10ರಷ್ಟಿದ್ದ ಕೃಪಾಂಕವನ್ನು 20ಕ್ಕೆ ಏರಿಸಿ, ಅದಕ್ಕೆ ಅರ್ಹತೆಯನ್ನು 35ರಿಂದ 25ಕ್ಕೆ ಇಳಿಸಿ, ಫಲಿತಾಂಶಕ್ಕೆ ಊರುಗೋಲು ಕೊಡಲಾಯಿತು. ಮೇಲೆ ಹೇಳಿದ 73.40 ಎಂಬುದೂ ಆ ಊರುಗೋಲಿನ ಮೇಲೆ ನಿಂತ ಅಂಕಿಯೇ. ಅದಿಲ್ಲದಿದ್ದರೆ ತೇರ್ಗಡೆಯು ಅರ್ಧವನ್ನು ಸ್ವಲ್ಪವೇ ಮೀರುತ್ತಿತ್ತು. ಟೀಕೆಯು ಬಲವಾಗಿ ಎದ್ದುದರಿಂದ ಮರುವರ್ಷ ಕೃಪಾಂಕವನ್ನು ಹಿಂತೆಗೆದರು. ಅದನ್ನು ನಾವು ಮೆಚ್ಚಿದೆವು. ಆದರೆ ಆ ಮೆಚ್ಚಿಕೆಯು ಬಹಳ ಕಾಲ ಉಳಿಯಲಿಲ್ಲ. 2025ರ ಅಕ್ಟೋಬರಿನಲ್ಲಿ ತೇರ್ಗಡೆಯ ಮಟ್ಟವನ್ನೇ ಶೇಕಡಾ 35ರಿಂದ 33ಕ್ಕೆ, ಎಂದರೆ 625ಕ್ಕೆ 206 ಅಂಕಗಳಿಗೆ, ಇಳಿಸುವುದಾಗಿ ಸರಕಾರವು ಸಾರಿತು. ಒಂದೊಂದು ವಿಷಯದಲ್ಲಿ 30 ಬಂದರೆ ಸಾಕೆಂದಿತು.

ವಾಚಕರು ಈ ಲೆಕ್ಕವನ್ನು ತಾವೇ ಮಾಡಿ ನೋಡಬಹುದು. 625 ಅಂಕಗಳಲ್ಲಿ 125 ಅಂಕಗಳು ಶಾಲೆಯಲ್ಲಿಯೇ ಕೊಡತಕ್ಕ ಆಂತರಿಕ ಅಂಕಗಳು. ಅವು ಪೂರ್ಣವಾಗಿ ದೊರೆತ ವಿದ್ಯಾರ್ಥಿಗೆ 206ನ್ನು ಮುಟ್ಟಲು 500 ಅಂಕಗಳ ಬರೆವಣಿಗೆಯಿಂದ ಬೇಕಾದುದು ಕೇವಲ 81! ಇದನ್ನು ತೇರ್ಗಡೆಯೆನ್ನಬೇಕೆ? ಹೊಳೆಯ ನೀರು ಹೆಚ್ಚಿತೆಂದು ಈಜು ಕಲಿಸುವುದನ್ನು ಬಿಟ್ಟು ಅಳತೆಯ ಕಂಬವನ್ನು ಎತ್ತರಿಸಿ ನೆಟ್ಟವನ ಬುದ್ಧಿಯಂತಾಯಿತು ಇದು.

“ಬಡವರ ಮಕ್ಕಳನ್ನು ನಪಾಸು ಮಾಡಬೇಕೆಂದು ಹೇಳುವಿರಾ? ಬೇರೆ ಮಂಡಳಿಗಳಲ್ಲಿ 33 ಇರುವಾಗ ನಮ್ಮ ಮಕ್ಕಳಿಗೇಕೆ 35?” ಎಂದು ಕೆಲವರು ನಮ್ಮನ್ನು ಕೇಳುವರು. ಈ ಪ್ರಶ್ನೆಯಲ್ಲಿರುವ ಕರುಣೆಯನ್ನು ನಾವು ಅಲ್ಲಗಳೆಯುವುದಿಲ್ಲ. ಹದಿನಾರು ವರ್ಷದ ಮಗುವಿನ ಹಣೆಯ ಮೇಲೆ ‘ಅನುತ್ತೀರ್ಣ’ ಎಂಬ ಮುದ್ರೆಯನ್ನೊತ್ತಿ ಮನೆಗೆ ಕಳುಹಿಸುವುದು ನಮಗೂ ಬೇಡ. ಒಂದೇ ವರ್ಷದಲ್ಲಿ ಮೂರು ಪರೀಕ್ಷೆಗಳಿಗೆ ಅವಕಾಶವಿತ್ತ 2024ರ ಏರ್ಪಾಡನ್ನು ನಾವು ಸ್ವಾಗತಿಸುತ್ತೇವೆ. ಸೋತವನಿಗೆ ಮತ್ತೆ ಎದ್ದು ನಿಲ್ಲುವ ದಾರಿಯದು. ಆದರೆ ಕರುಣೆಗೂ ಒಂದು ಕಾಲವಿದೆ. ಜೂನ್ ತಿಂಗಳಲ್ಲಿ ಉಪಾಧ್ಯಾಯರನ್ನು ಕೊಡುವುದು ಕರುಣೆ. ಬೇಸಗೆಯಲ್ಲಿ ಅಂಕ ಕೊಡುವುದು ಕೈತೊಳೆದುಕೊಳ್ಳುವ ಉಪಾಯ. ದೊಡ್ಡವರ ಮಕ್ಕಳು ಈ ಇಳಿಸಿದ ಮಟ್ಟವನ್ನು ನಂಬಿ ಕೂಡುವುದಿಲ್ಲ. ಅವರಿಗೆ ಮನೆಪಾಠವಿದೆ, ಪಟ್ಟಣದ ಶಾಲೆಯಿದೆ. ಕಲಿಯದೆಯೇ ದಾಟಿಸಿಬಿಟ್ಟ ದುದ್ದದ ಹುಡುಗನೇ ಮುಂದೆ ಪಿ.ಯು. ತರಗತಿಯಲ್ಲಿ ಎಡವಿ ಬೀಳುವವನು. ಆಗ ಅವನನ್ನು ಎತ್ತಲು ಯಾವ ಕೃಪಾಂಕವೂ ಇರುವುದಿಲ್ಲ.

ಅಂಕಿಯ ಪೂಜೆಯು ತರಗತಿಯೊಳಗೆ ಏನನ್ನು ಮಾಡಿದೆಯೆಂಬುದನ್ನೂ ನೋಡೋಣ. ‘ಪಾಸಿಂಗ್ ಪ್ಯಾಕೇಜ್’ ಎಂಬ ಮಾತು ಇಂದು ಪ್ರೌಢಶಾಲೆಗಳಲ್ಲೆಲ್ಲ ಮನೆಮಾತಾಗಿದೆ. ಹಿಂದುಳಿದ ಮಕ್ಕಳಿಗೆ ಇಡಿಯ ಪಾಠವು ಬೇಡ. ತೇರ್ಗಡೆಗೆ ಸಾಲುವಷ್ಟು ಪ್ರಶ್ನೆಗಳನ್ನು ಆರಿಸಿ, ಉತ್ತರಗಳನ್ನು ಉರು ಹೊಡೆಸಿದರೆ ತೀರಿತು. ಉಪಾಧ್ಯಾಯರನ್ನು ಇದಕ್ಕಾಗಿ ಬೈಯುವುದು ನ್ಯಾಯವಲ್ಲ. ಮೇಲಿನಿಂದ ಅಂಕಿಯನ್ನೇ ಕೇಳಿದರೆ ಕೆಳಗಿನಿಂದ ಅಂಕಿಯೇ ಬರುವುದು. ಖಾಯಂ ಉಪಾಧ್ಯಾಯರ ಹುದ್ದೆಗಳು ಖಾಲಿ ಬಿದ್ದಲ್ಲಿ ಅತಿಥಿ ಶಿಕ್ಷಕರು ಬರುತ್ತಾರೆ. 2025–26ರ ಆಯವ್ಯಯದಲ್ಲಿ ಅವರ ಗೌರವಧನವನ್ನು ತಿಂಗಳಿಗೆ 2,000 ರೂಪಾಯಿಗಳಷ್ಟು ಹೆಚ್ಚಿಸಿದುದು ನಿಜ. ಆದರೂ ವರ್ಷ ಮುಗಿದರೆ ಕೆಲಸವೂ ಮುಗಿಯುವ ಈ ಜನರಿಂದ ಮೂರು ವರ್ಷಗಳ ಕಾಲ ಒಂದು ಮಗುವಿನ ಕೈ ಹಿಡಿದು ನಡೆಸಿರೆಂದು ಕೇಳುವ ಮುಖವು ಯಾರಿಗಿದೆ? ಹೆಸರಿಗೆ ಅತಿಥಿ, ದುಡಿಮೆಗೆ ಆಳು!

ಹಾಗಾದರೆ ದುದ್ದದ ಪ್ರೌಢಶಾಲೆಯ ಬೋಧನೆಯ ಗುರಿಯು ಏನಾಗಿರತಕ್ಕದ್ದು? ನಾವು ಆಕಾಶದ ನಕ್ಷತ್ರವನ್ನು ಕೇಳುವುದಿಲ್ಲ. ಹತ್ತನೆಯ ತರಗತಿಯನ್ನು ಮುಗಿಸಿದ ಹುಡುಗನು ತಾನು ಮೊದಲು ನೋಡಿರದ ಒಂದು ಪುಟ ಕನ್ನಡವನ್ನು ಓದಿ ಅದರ ಅಭಿಪ್ರಾಯವನ್ನು ತನ್ನ ಮಾತಿನಲ್ಲಿ ಹೇಳಬೇಕು. ಮನೆಯ ಪಹಣಿಯನ್ನು ಓದಿ ತಂದೆಗೆ ವಿವರಿಸಬೇಕು. ತಹಶೀಲ್ದಾರರಿಗೆ ಒಂದು ಅರ್ಜಿಯನ್ನು ಮತ್ತೊಬ್ಬರ ಕಾಲು ಹಿಡಿಯದೆ ಬರೆಯಬೇಕು. ಕಬ್ಬಿನ ತೂಕದ ಚೀಟಿಯನ್ನು ಹಿಡಿದು ಟನ್ನಿಗೆಷ್ಟು, ಕಡಿತವೆಷ್ಟು, ಕೈಗೆ ಬರಬೇಕಾದುದೆಷ್ಟು ಎಂದು ಲೆಕ್ಕ ಹಾಕಬೇಕು. ಬ್ಯಾಂಕಿನ ಸಾಲಕ್ಕೆ ಬಡ್ಡಿ ಹೇಗೆ ಬೆಳೆಯುತ್ತದೆಂದು ತಿಳಿಯಬೇಕು. ಹೊಲದ ಮಣ್ಣಿನ ಪರೀಕ್ಷೆಯ ವರದಿಯಲ್ಲಿರುವ ಮಾತು ತಾನು ಕಲಿತ ರಸಾಯನ ಶಾಸ್ತ್ರವೇ ಎಂದು ಗುರುತಿಸಬೇಕು. ಹುಡುಗಿಯು ಆರೋಗ್ಯ ಕೇಂದ್ರದ ಚೀಟಿಯನ್ನು ತಾನೇ ಓದಿಕೊಳ್ಳಬೇಕು. ಇಂಗ್ಲಿಷ್ ಪುಸ್ತಕವನ್ನು ಕಂಡರೆ ಹೆದರಬಾರದು. ಕನ್ನಡದಲ್ಲಿ ವಿಚಾರ ಮಾಡಲು ನಾಚಬಾರದು. ಇಷ್ಟು ಬಂದ ಮಗುವು ಪರೀಕ್ಷೆಯಲ್ಲಿ ತಾನಾಗಿಯೇ ತೇರ್ಗಡೆಯಾಗುವುದು. ಇಷ್ಟು ಬಾರದೆ ತೇರ್ಗಡೆಯಾದ ಮಗುವಿನ ಕೈಯಲ್ಲಿರುವುದು ಬರಿಯ ಕಾಗದವು.

ಈ ಗುರಿಗೆ ತಕ್ಕ ಪರಿಶೀಲನೆಯನ್ನು ಮಾಡಲು ದೊಡ್ಡ ಅಧಿಕಾರಿಗಳೇ ಬರಬೇಕಾಗಿಲ್ಲ. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯೆಂಬುದು ಏತಕ್ಕಿದೆ? ತಂದೆತಾಯಿಗಳು ವರ್ಷಕ್ಕೆ ಎರಡು ಬಾರಿ ಸಭೆ ಸೇರಿ ನಾಲ್ಕೇ ಪ್ರಶ್ನೆಗಳನ್ನು ಕೇಳಲಿ. ಒಂದು: ಎಂಟನೆಯ ತರಗತಿಗೆ ಸೇರಿದ ಮಕ್ಕಳಲ್ಲಿ ಎಷ್ಟು ಮಂದಿ ಹತ್ತನೆಯ ತರಗತಿಯ ಪರೀಕ್ಷೆಗೆ ಕುಳಿತರು? ನಡುವೆ ಬಿಟ್ಟುಹೋದವರು ಶೇಕಡಾವಾರಿನ ಲೆಕ್ಕಕ್ಕೆ ಬರುವುದೇ ಇಲ್ಲ. ನೂರಕ್ಕೆ ನೂರು ಎಂಬ ಹೆಮ್ಮೆಯ ಹಿಂದೆ ಅವರ ಮೌನವಿರುವುದುಂಟು. ಎರಡು: ಗಣಿತ, ವಿಜ್ಞಾನ, ಇಂಗ್ಲಿಷ್ ಉಪಾಧ್ಯಾಯರು ಯಾವ ತಾರೀಖಿನಂದು ಕೆಲಸಕ್ಕೆ ಬಂದರು? ಮೂರು: ಎಂಟನೆಯ ತರಗತಿಗೆ ಬರುವಾಗ ಓದಲು ಬಾರದಿದ್ದ ಮಗುವಿಗೆ ಆ ವರ್ಷವೇ ಏನು ಮಾಡಲಾಯಿತು? ನಾಲ್ಕು: ಕಳೆದ ವರ್ಷ ಹೊರಬಿದ್ದ ಮಕ್ಕಳು ಈಗ ಎಲ್ಲಿದ್ದಾರೆ? ಕಾಲೇಜಿನಲ್ಲಿಯೋ, ಐ.ಟಿ.ಐ.ಯಲ್ಲಿಯೋ, ಆಲೆಮನೆಯಲ್ಲಿಯೋ? ಈ ನಾಲ್ಕರ ಉತ್ತರಗಳನ್ನು ಶಾಲೆಯ ಗೋಡೆಯ ಮೇಲೆ ಬರೆಯಿಸಲಿ. ಶೇಕಡಾ ಎಷ್ಟೆಂಬುದನ್ನು ಅವುಗಳ ಕೆಳಗೆ ಸಣ್ಣಕ್ಷರಗಳಲ್ಲಿ ಬರೆದರೂ ಸಾಕು.

ಇದು ದುದ್ದವೊಂದರ ಮಾತಲ್ಲ. ಎಲ್ಲ ಜಿಲ್ಲೆಗಳ ಮೇಲೂ ಒಂದೇ ಕಣ್ಣಿಟ್ಟ 2024ರ ಪರೀಕ್ಷೆಯು ನಮ್ಮ ನಾಡಿನ ನಕ್ಷೆಯನ್ನೇ ಬಿಚ್ಚಿ ತೋರಿಸಿತು. ಉಡುಪಿಗೆ ಶೇಕಡಾ 94, ದಕ್ಷಿಣ ಕನ್ನಡಕ್ಕೆ 92.12, ಯಾದಗಿರಿಗೆ 50.59! ಒಂದು ಕಾಲಕ್ಕೆ ಮದ್ರಾಸಿಗೆ ಸೇರಿದ್ದ ಕನ್ನಡ, ಮೈಸೂರಿಗೆ ಸೇರಿದ್ದ ಕನ್ನಡ, ನಿಜಾಮನಿಗೆ ಸೇರಿದ್ದ ಕನ್ನಡ ಎಂಬ ಗಡಿಗಳನ್ನು 1956ರ ನವೆಂಬರ್ 1ರಂದು ಅಳಿಸಿದೆವೆಂದು ನಾವು ಹಿಗ್ಗುತ್ತೇವೆ. ಅರುವತ್ತೆಂಟು ವರ್ಷಗಳ ತರುವಾಯ ಅದೇ ಗಡಿಗಳು ಹತ್ತನೆಯ ತರಗತಿಯ ಅಂಕಪಟ್ಟಿಯಲ್ಲಿ ಇಣಿಕಿ ನೋಡುತ್ತಿವೆ. ಏಕೀಕರಣವು ಹುಟ್ಟಿದ್ದು ಶಾಲೆಯಲ್ಲಿ ಎಂಬುದನ್ನು ಮರೆಯಬಾರದು. ಮರಾಠಿಯ ಮಬ್ಬಿನಲ್ಲಿದ್ದ ಮುಂಬಯಿ ಪ್ರಾಂತದ ಕನ್ನಡ ಸೀಮೆಯಲ್ಲಿ ಡೆಪ್ಯುಟಿ ಚನ್ನಬಸಪ್ಪನವರು ಕನ್ನಡ ಶಾಲೆಗಳನ್ನು ನಿಲ್ಲಿಸಿದರು. 1890ರಲ್ಲಿ ಧಾರವಾಡದಲ್ಲಿ ಹುಟ್ಟಿದ ಸಂಘವು ‘ವಿದ್ಯಾವರ್ಧಕ’ವೆಂಬ ಹೆಸರನ್ನೇ ತಳೆಯಿತು. ಆ ಹಿರಿಯರು ನೆಲವನ್ನು ಕೂಡಿಸುವ ಮೊದಲು ಮಕ್ಕಳಿಗೆ ಅಕ್ಷರವನ್ನು ಕಲಿಸಿದರು. ನೆಲವು ಕೂಡಿದ ಮೇಲೆ ಅಕ್ಷರವನ್ನು ಕೈಬಿಟ್ಟವರು ನಾವಾಗಬಾರದು.

ಮಂಡ್ಯದ ಜನರೇ! 1938ರಲ್ಲಿ ಶಿವಪುರದ ಬಯಲಿನಲ್ಲಿ ಧ್ವಜವನ್ನೆತ್ತಿದ ಸೀಮೆಯು ನಿಮ್ಮದು. ಪು.ತಿ.ನ. ಅವರನ್ನು ಮೇಲುಕೋಟೆಯೂ, ಕೆ.ಎಸ್. ನರಸಿಂಹಸ್ವಾಮಿಯವರನ್ನು ಕಿಕ್ಕೇರಿಯೂ ಕನ್ನಡಕ್ಕಿತ್ತ ಜಿಲ್ಲೆಯು ನಿಮ್ಮದು. 2024ರ ಡಿಸೆಂಬರಿನಲ್ಲಿ 87ನೆಯ ಸಾಹಿತ್ಯ ಸಮ್ಮೇಳನವನ್ನು ಮೂರು ದಿನ ಅದ್ಧೂರಿಯಾಗಿ ನಡೆಸಿದಿರಿ, ಸಂತೋಷ. ಆದರೆ ಆ ಸಮ್ಮೇಳನದಲ್ಲಿ ಮಾರಾಟಕ್ಕಿಟ್ಟ ಪುಸ್ತಕಗಳನ್ನು ನಾಳೆ ಓದತಕ್ಕವರು ಯಾರು? ದುದ್ದದ ಪ್ರೌಢಶಾಲೆಯ ಬೆಂಚಿನ ಮೇಲೆ ಇಂದು ಕುಳಿತಿರುವ ಮಕ್ಕಳೇ ಅಲ್ಲವೆ? ಅವರಿಗೆ ಓದು ಬರದಿದ್ದರೆ ನಮ್ಮ ಮೆರವಣಿಗೆಗಳಿಗೆ ಅರ್ಥವೇನು?

ಆದುದರಿಂದ ಮುಂದಿನ ಬೇಸಗೆಯಲ್ಲಿ ಯಾರಾದರೂ ಬಂದು “ನಿಮ್ಮ ಶಾಲೆಗೆ ಶೇಕಡಾ ಎಷ್ಟು?” ಎಂದು ಕೇಳಿದರೆ ದುದ್ದದ ಹಿರಿಯರು ಉತ್ತರ ಕೊಡುವ ಮೊದಲು ಒಬ್ಬ ಹುಡುಗನನ್ನು ಕರೆದು ಮುಂದೆ ನಿಲ್ಲಿಸಲಿ, ಅವನ ಕೈಗೆ ಒಂದು ಪುಸ್ತಕವನ್ನು ಕೊಡಲಿ. ಕೇಳಿದವರು ಕುಳಿತು ಆಲಿಸಲಿ. ಶಾಲೆಯ ವರದಿಯು ಅದೇ.