ಅವರ ಗುಂಡಿ ಅವರೇ ಹಾಕಿಕೊಳ್ಳಲಿ

ಕೆಮ್ಮಿಗೆಂದು ಬಂದ 14 ವರ್ಷದ ಹುಡುಗನಿಗೆ 'ಅಂಗಿ ತೆಗಿಯಪ್ಪ' ಎಂದೆ. ಅವನು ಗುಂಡಿಗೆ ಕೈ ಹಾಕುವ ಮೊದಲೇ ತಾಯಿ ಎದ್ದು ಬಿಚ್ಚತೊಡಗಿದರು. 'ಅವನಿಗೆ ಬರೋದಿಲ್ಲ ಡಾಕ್ಟ್ರೇ' ಎಂದರು. ಹುಡುಗ ತಲೆ ತಗ್ಗಿಸಿ ನಿಂತಿದ್ದ. ಅವನಿಗೆ ಡೌನ್ ಸಿಂಡ್ರೋಮ್ ಇದೆ. ನನ್ನ ಕಣ್ಣು ಹೋದದ್ದು ಅಂಗಿಯ ಕಡೆಗೆ. ಕತ್ತಿಗೆ ಬಿಗಿ, ಬೆರಳು ಮುಚ್ಚುವಷ್ಟು ಉದ್ದದ ತೋಳು, ಮೆಣಸಿನ ಕಾಳಿನಷ್ಟು ಗುಂಡಿ. ಅದನ್ನು ಬಿಚ್ಚುವುದು ಯಾರಿಗೆ ತಾನೇ ಸುಲಭ?

ಡೌನ್ ಸಿಂಡ್ರೋಮ್ ಯಾರ ತಪ್ಪಿನಿಂದಲೂ ಬರುವುದಲ್ಲ. ಜೀವಕೋಶದಲ್ಲಿ 21ನೆಯ ವರ್ಣತಂತು ಎರಡರ ಬದಲು ಮೂರಿರುತ್ತದೆ ಎಂದು 1959ರಲ್ಲಿ ಫ್ರಾನ್ಸಿನ ವಿಜ್ಞಾನಿಗಳು ತೋರಿಸಿಕೊಟ್ಟರು. ಇವರ ಕತ್ತು ಗಿಡ್ಡ ಮತ್ತು ಅಗಲ, ಕೈಕಾಲು, ಬೆರಳುಗಳೂ ಗಿಡ್ಡ, ಸ್ನಾಯುಗಳ ಬಿಗಿತ ಕಡಿಮೆ, ಚರ್ಮ ಒಣ. ಅಂಗಡಿಯ ಸಿದ್ಧ ಉಡುಪು ಈ ಅಳತೆಗೆ ಹೊಲಿದದ್ದಲ್ಲ. ಸೊಂಟಕ್ಕೆ ಸರಿಯಾದ ಪ್ಯಾಂಟು ನೆಲ ಗುಡಿಸುತ್ತದೆ. ಕಾಲಿಗೆ ಸರಿಯಾದದ್ದು ಸೊಂಟಕ್ಕೇರುವುದಿಲ್ಲ.

ಆದುದರಿಂದ ನಿಮ್ಮ ಬೀದಿಯ ಟೈಲರ್ ಬಳಿ ಕರೆದೊಯ್ದು ಅಳತೆ ಕೊಡಿಸಿ. ಮೆತ್ತನೆಯ ಹತ್ತಿ ಬಟ್ಟೆ, ಅಗಲವಾದ ಕತ್ತು, ಸೊಂಟಕ್ಕೆ ಎಲಾಸ್ಟಿಕ್, ದೊಡ್ಡ ಗುಂಡಿಗಳಿರಲಿ. ಅದೂ ಕಷ್ಟವಾದರೆ ಮೇಲೆ ಗುಂಡಿ ಹೊಲಿಸಿ ಒಳಗೆ ವೆಲ್ಕ್ರೋ ಪಟ್ಟಿ ಇಡಿಸಿ. ನೋಡುವವರಿಗೆ ಎಲ್ಲರ ಅಂಗಿಯಂತೆಯೇ ಕಾಣುತ್ತದೆ. ಜಿಪ್ಪಿಗೆ ಬೆರಳು ತೂರುವಷ್ಟು ಉಂಗುರ ಹಾಕಿಸಿ. ಕತ್ತಿಗೆ ಚುಚ್ಚುವ ಲೇಬಲ್ ತೆಗೆದು ಅಲ್ಲಿ ಬಣ್ಣದ ದಾರದ ಗುರುತು ಹಾಕಿ; ಹಿಂದುಮುಂದು ತಿಳಿಯುತ್ತದೆ. ಶಾಲೆಯ ಸಮವಸ್ತ್ರವನ್ನೂ ಹೀಗೆಯೇ ಹೊಲಿಸಬಹುದು. ಬಣ್ಣ ಅದೇ ಇದ್ದ ಮೇಲೆ ಎಲಾಸ್ಟಿಕ್‌ಗೆ ಮುಖ್ಯೋಪಾಧ್ಯಾಯರು ಆಕ್ಷೇಪಿಸಬಾರದು.

ಎರಡು ಎಚ್ಚರಿಕೆ. ಇವರಲ್ಲಿ ಕೆಲವರಿಗೆ ಕತ್ತಿನ ಮೇಲ್ಭಾಗದ ಮೂಳೆಗಳ ಕೀಲು ಸಡಿಲವಿರುತ್ತದೆ. ಬಿಗಿಯಾದ ಟೀ ಶರ್ಟನ್ನು ತಲೆಯ ಮೇಲಿಂದ ಜಗ್ಗಿ ಎಳೆಯಬೇಡಿ. ಸೊಂಟ ಬೇಗ ಬೇಗ ಬಿಗಿಯಾಗುತ್ತಿದ್ದರೆ ಹೊಲಿಗೆ ಬಿಚ್ಚಿಸಿ ಸುಮ್ಮನಾಗದೆ ಥೈರಾಯ್ಡ್ ರಕ್ತಪರೀಕ್ಷೆ ಮಾಡಿಸಿ. ಅದರ ಕೊರತೆ ಇವರಲ್ಲಿ ಹೆಚ್ಚು.

ಇಪ್ಪತ್ತು ದಾಟಿದವರಿಗೂ ಗೊಂಬೆ ಚಿತ್ರದ ಅಂಗಿ ತೊಡಿಸಿರುವುದನ್ನು ನೋಡಿದ್ದೇನೆ. ಅಳತೆ ಸಿಗುವುದು ಮಕ್ಕಳ ಉಡುಪಿನಲ್ಲಿ ಎನ್ನುತ್ತಾರೆ. ಆದರೆ ಬೆಳೆದವರನ್ನು ಮಗುವಿನಂತೆ ಉಡಿಸಿದರೆ ಜನ ಮಗುವಿನಂತೆಯೇ ನಡೆಸಿಕೊಳ್ಳುತ್ತಾರೆ. ಬೆಳೆದ ಹುಡುಗಿಗೆ ಹುಕ್ಕು ಹಾಕಲು ದಿನವೂ ಇನ್ನೊಬ್ಬರು ಬೇಕೆಂದರೆ ಅವಳ ಮಾನ, ಸುರಕ್ಷತೆ ಎರಡೂ ಆ ಇನ್ನೊಬ್ಬರ ಕೈಯಲ್ಲಿ. ತಾಯಿ ಇರುವವರೆಗೆ ಸರಿ, ಆಮೇಲೆ?

ಬಟ್ಟೆಯ ಬಣ್ಣವನ್ನು ಅವರೇ ಆರಿಸಲಿ. ಬೆಳಿಗ್ಗೆ ಹದಿನೈದು ನಿಮಿಷ ಮೊದಲೇ ಎಬ್ಬಿಸಿ. ಗುಂಡಿ ಒಂದು ಮೇಲೆ ಕೆಳಗೆ ಆದರೂ ನೀವು ಕೈ ಹಾಕದೆ ಕುಳಿತಿರಿ.